ಕೌದಿಗೆ ಯಾರು ಪಂಚನಾಮೆ ಮಾಡುತ್ತಾರೆ?

(ಬಾಗಲಕೋಟೆಯಲ್ಲಿ ನೆರೆಪೀಡಿತ ಊರುಗಳ ಹೆಣ್ಣುಮಕ್ಕಳ ಕೈಕೆಲಸದ ಪ್ರದರ್ಶನ ಮತ್ತು ಮಾರಾಟ ಮೇಳವನ್ನು ಉದ್ಘಾಟಿಸುವ ಮುನ್ನ ಆಡಿದ ಮಾತು)

ಮಳಿಗೆಗಳ ಹಿಂದೆ ನಿಂತು ಈ ಭಾಷಣ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಅಕ್ಕ-ತಂಗಿಯರೆ,

ನಿಮ್ಮ ಅವಸರ ನನಗೆ ಗೊತ್ತು. ಭಾಷಣ ನಡೆಯುವಷ್ಟು ಹೊತ್ತು ವ್ಯಾಪಾರ ನಿಂತಿರುತ್ತದೆ. ಆದರೆ ಕರೆದವರು ಕತ್ತರಿ ಕೊಡುವ ಮೊದಲು ಕೈಗೆ ಮೈಕು ಕೊಟ್ಟುಬಿಟ್ಟಿದ್ದಾರೆ. ಸ್ವಲ್ಪ ಸಹಿಸಿಕೊಳ್ಳಿ.

ಬೆಳಿಗ್ಗೆ ಬೇಗ ಬಂದು ಒಂದು ಸುತ್ತು ಹಾಕಿದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿ ಹಾಕಿದ ಕೈಚೀಲ, ಕಟಕ ರೊಟ್ಟಿ, ಅಗಸಿ ಚಟ್ನಿ. ಕೊನೆಯ ಸಾಲಿನಲ್ಲಿ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ. ಅಲ್ಲಿ ಕಾಲು ನಿಂತಿತು. ಹೊಲಿದಾಕೆ ಮಲಪ್ರಭೆಯ ದಂಡೆಯ ಊರಿನವರು. 2019ರ ಹೊಳೆ ಬರುವ ಮುಂಚೆ ಮನೆಯಲ್ಲಿ ಎಷ್ಟು ಕೌದಿ ಇದ್ದವು ಎಂದು ಕೇಳಿದೆ. ‘ಒಂಬತ್ತ ಇದ್ದೂರಿ. ನಮ್ಮತ್ತಿ ಹೊಲದದ್ದು ಎರಡ, ನಮ್ಮವ್ವ ಬಾಣಂತನಕ್ಕ ಕೊಟ್ಟದ್ದ ಒಂದ. ಎಲ್ಲಾ ಹೊಳಿ ಪಾಲಾತು.’ ಬರೆಸಿದಿರಾ ಎಂದೆ. ಆಕೆ ನಕ್ಕುಬಿಟ್ಟರು. ‘ಕೌದಿಗೆ ಯಾರ ಪಂಚನಾಮಿ ಮಾಡ್ತಾರ್ರಿ ಯಕ್ಕಾ?’

ರಾತ್ರಿ ಬರೆದು ತಂದಿದ್ದ ಭಾಷಣವನ್ನು ಮಡಚಿ ಚೀಲಕ್ಕೆ ಹಾಕಿದೆ. ಆ ಪ್ರಶ್ನೆಯ ಬೆನ್ನು ಹತ್ತಿ ಎರಡು ಮಾತು ಆಡುತ್ತೇನೆ.

2019ರ ಆಗಸ್ಟ್ ನಿಮಗೆ ನೆನಪಿಸಬೇಕಿಲ್ಲ. ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರು. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂವರೂ ಒಂದೇ ಸಲ ಮನೆಗೆ ಬಂದರು. ಪಟ್ಟದಕಲ್ಲಿನ ಗುಡಿಗಳು ನೀರಿನಲ್ಲಿ ನಿಂತ ಚಿತ್ರ ದೇಶವೆಲ್ಲ ನೋಡಿತು. ಅದಕ್ಕೆ ಹತ್ತು ವರ್ಷ ಮೊದಲು, 2009ರ ಸೆಪ್ಟೆಂಬರ್ ಕೊನೆಯ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಎರಡು ಸಲವೂ ನಾವು ಕಂಡದ್ದು ಒಂದೇ ದಾರಿ: ಗಂಜಿ ಕೇಂದ್ರ, ತಗಡಿನ ಶೆಡ್ಡು, ಪಂಚನಾಮೆ, ಪಟ್ಟಿ, ಪಟ್ಟಿಯಲ್ಲಿ ಹೆಸರಿಲ್ಲದವರ ಜಗಳ. 2019ರಲ್ಲಿ ಕೂಡಲೇ 10,000 ರೂಪಾಯಿ ಕೊಟ್ಟರು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದರು. ಅದನ್ನು ನಾನು ಹಗುರ ಮಾಡುವುದಿಲ್ಲ. ಅಷ್ಟೂ ಇಲ್ಲದ ಕಾಲವನ್ನು ನಮ್ಮ ಅಜ್ಜಂದಿರು ಕಂಡಿದ್ದಾರೆ.

ಆದರೆ ಆ ಪಂಚನಾಮೆಯ ಕಾಗದ ಏನೇನು ಎಣಿಸುತ್ತದೆ ನೋಡಿ. ಗೋಡೆ ಎಷ್ಟು ಬಿತ್ತು, ಹೊಲ ಎಷ್ಟು ಎಕರೆ, ಎತ್ತು ಎಷ್ಟು, ಎಮ್ಮೆ ಎಷ್ಟು. ಉಳಿದದ್ದಕ್ಕೆಲ್ಲ ಬಟ್ಟೆ-ಪಾತ್ರೆ ಅಂತ ಒಂದೇ ಸಾಲು. ಒಬ್ಬ ಹೆಣ್ಣುಮಗಳು ಇಪ್ಪತ್ತು ವರ್ಷ ಕೂಡಿಹಾಕಿದ್ದೆಲ್ಲ ಆ ಒಂದು ಸಾಲಿನೊಳಗೆ ಹೋಗಿ ಕೂರಬೇಕು. ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಹೀರೆ, ಸವತೆ, ಅವರೆಯ ಬೀಜ. ವರ್ಷವಿಡೀ ಒಲೆಗಾಗುವಷ್ಟು ಒಟ್ಟಿದ ಕುಳ್ಳು. ಬೇಸಿಗೆಯಲ್ಲಿ ಮಾಡಿಟ್ಟ ಸಂಡಿಗೆ, ಶಾವಿಗೆ. ಅರಿವೆ ಹೊಲಿದು ಕೊಟ್ಟು ನಾಲ್ಕು ಕಾಸು ಕಾಣುತ್ತಿದ್ದ ಹೊಲಿಗೆ ಮಷೀನು. ಸಂಘದ ಪಾಸ್‌ಬುಕ್ಕು. ಇವು ಮನೆಯ ಸಾಮಾನು ಎಂದು ಕಾಣುತ್ತವೆ. ನಿಜದಲ್ಲಿ ಆಕೆಯ ದುಡಿಮೆಯ ಬಂಡವಾಳ. ಬೀಜದ ಗಡಿಗೆ ಒಡೆದರೆ ಬರುವ ವರ್ಷ ಕಾಯಿಪಲ್ಲೆಗೂ ಸಂತೆಗೆ ರೊಕ್ಕ ಹಿಡಿದು ಹೋಗಬೇಕು.

ಮಗ್ಗದ ಮನೆಯಲ್ಲೂ ಹೀಗೇ. ಮಗ್ಗದ ಮುಂದೆ ಕುಳಿತವನು ನೇಕಾರ. ಬೆಳಗಿನಿಂದ ರಾತ್ರಿಯವರೆಗೆ ಕಂಡಿಕೆ ಸುತ್ತಿ ಕೊಡುವ ಹೆಂಡತಿ, ತಾಯಿ, ಮಗಳು ಯಾರು? ಎಷ್ಟೋ ಮನೆಗಳಲ್ಲಿ ನೇಯುವವಳೂ ಅವಳೇ. ಕೇಳಿದರೆ ‘ಮನೀ ಕೆಲಸ ಮಾಡ್ತಾಳ್ರಿ’ ಅಂತಾರೆ.

ನಾವು ಬಾಗಲಕೋಟೆಯವರಿಗೆ ಈ ಪಾಠ ಹೊಸದಲ್ಲ. ನೆರೆ ಬಂದು ಇಳಿಯುತ್ತದೆ, ಆಲಮಟ್ಟಿಯ ಹಿನ್ನೀರು ಬಂದದ್ದು ಇಳಿಯಲಿಲ್ಲ. ‘ಮುಳುಗಡೆ’ ಎಂಬ ಒಂದು ಶಬ್ದದಲ್ಲಿ ನಮ್ಮ ಅರ್ಧ ಊರಿನ ಕತೆ ಇದೆ. ಪರಿಹಾರ ಬಂತು, ಉತಾರದಲ್ಲಿ ಯಾರ ಹೆಸರಿತ್ತೋ ಅವರ ಕೈಗೆ ಬಂತು. ನಮ್ಮ ಓಣಿಯಲ್ಲಿ ಆ ದುಡ್ಡು ಎಷ್ಟು ಬೇಗ ಮೋಟರ್ ಸೈಕಲ್ ಆಯಿತು, ಎಷ್ಟು ಬೇಗ ಕರಗಿತು ಎಂದು ನೋಡಿದವಳು ನಾನು. ಹೊಸ ಮನೆಯ ಅಡುಗೆಮನೆ ಎಲ್ಲಿರಬೇಕು ಎಂದು ಅಡುಗೆ ಮಾಡುವವಳನ್ನು ಯಾರೂ ಕೇಳಲಿಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಹೊಸ ಮನೆಗಳ ಪತ್ರವನ್ನು ಗಂಡ-ಹೆಂಡತಿ ಇಬ್ಬರ ಹೆಸರಿಗೂ ಮಾಡಿಕೊಟ್ಟರು. ಒಂದು ಸಾಲು ಬರೆಯುವ ಕೆಲಸ. ಅದಕ್ಕೆ ಸಿಮೆಂಟು ಬೇಡ, ಟೆಂಡರ್ ಬೇಡ.

ಅದೇ ಸುನಾಮಿಯ ಇನ್ನೊಂದು ಲೆಕ್ಕ ಹೇಳಬೇಕು. ಕಡಲೂರು ಜಿಲ್ಲೆಯಲ್ಲಿ ಸತ್ತವರಲ್ಲಿ ಹೆಂಗಸರು 391, ಗಂಡಸರು 146 ಎಂದು ಆಕ್ಸ್‌ಫ್ಯಾಮ್ ಸಂಸ್ಥೆ ಬರೆದಿಟ್ಟಿತು. ಗಂಡಸರು ದೋಣಿಯಲ್ಲಿ ದೂರ ಹೋಗಿದ್ದರು, ಹೆಂಗಸರು ಮೀನು ಇಳಿಸಿಕೊಳ್ಳಲು ದಂಡೆಯಲ್ಲಿ ಕಾದಿದ್ದರು. ಈಜು ಕಲಿಸಿದವರಿಲ್ಲ; ಕಂಕುಳಲ್ಲಿ ಕೂಸು, ಕಾಲಿಗೆ ತೊಡರುವ ಸೀರೆ. ನೀರಿಗೆ ಹೆಣ್ಣು-ಗಂಡು ಭೇದವಿಲ್ಲ ಅನ್ನುತ್ತೇವೆ. ನೀರಿಗಿಲ್ಲ, ನಿಜ.

ಉಟ್ಟ ಬಟ್ಟೆಯ ಮಾತು ಬಂತಲ್ಲ. 2019ರಲ್ಲಿ ಒಂದು ಗಂಜಿ ಕೇಂದ್ರದಲ್ಲಿ ನಾನೂ ನಾಲ್ಕು ದಿನ ಬಟ್ಟೆಯ ಗಂಟು ಬಿಚ್ಚಿದ್ದೇನೆ. ಲಾರಿಗಟ್ಟಲೆ ಬಂದಿತ್ತು. ಜರಿ ಕಿತ್ತ ಮದುವೆಯ ಲೆಹಂಗಾ, ಕೋಟು, ಒಂದೇ ಕಾಲಿನ ಚಪ್ಪಲಿ. ಸೀರೆಗಳೂ ಇದ್ದವು. ಕುಪ್ಪಸ ಇಲ್ಲ, ಒಳಲಂಗ ಇಲ್ಲ, ತಿಂಗಳ ದಿನಗಳಿಗೆ ಬೇಕಾದ ಬಟ್ಟೆಯಂತೂ ಕೇಳಲೇಬೇಡಿ. ಒಬ್ಬ ಮುದುಕಿ ಸೀರೆಯನ್ನು ಹಿಂದಕ್ಕೆ ಕೊಟ್ಟು ಹೇಳಿದಳು: ‘ಇದನ್ನ ಯಾವುದರ ಮ್ಯಾಲ ಉಡ್ಲಿ ತಂಗಿ?’ ಕೊಟ್ಟವರ ಮನಸ್ಸು ಕೆಟ್ಟದ್ದಲ್ಲ. ಬೇಕಾದವರನ್ನು ಕೇಳಿಯೇ ಇರಲಿಲ್ಲ, ಅಷ್ಟೆ. ದೆಹಲಿಯ ಗೂಂಜ್ ಸಂಸ್ಥೆ ಹಳೆಯ ಹತ್ತಿ ಬಟ್ಟೆಯನ್ನು ಒಗೆದು, ಕತ್ತರಿಸಿ, ತಿಂಗಳ ಬಟ್ಟೆ ಮಾಡಿ ಹಂಚುವುದನ್ನೇ ಒಂದು ದೊಡ್ಡ ಕೆಲಸವೆಂದು ಹಿಡಿಯಿತು. ಇದನ್ನು ವೇದಿಕೆಯ ಮೇಲೆ ಹೇಳಿದ್ದಕ್ಕೆ ಮುಂದಿನ ಸಾಲಿನ ಕೆಲವರು ನೆಲ ನೋಡುತ್ತಿದ್ದೀರಿ. ಇರಲಿ.

ಹೆಂಗಸರನ್ನು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ ಜನರ ಮೇಲೆ ಲಾತೂರು ಕಡೆಯ ಕಿಲ್ಲಾರಿಯಲ್ಲಿ ಭೂಕಂಪಕ್ಕೆ ಮನೆಗಳು ಬಿದ್ದವು. ನಮ್ಮ ಬೀದರ್, ಕಲಬುರಗಿಯ ಕಡೆಗೂ ನೆಲ ನಡುಗಿತ್ತು. ಹತ್ತು ಸಾವಿರದ ಹತ್ತಿರ ಜನ ಹೋದರು. ದಪ್ಪ ಕಲ್ಲು-ಮಣ್ಣಿನ ಗೋಡೆ, ಮೇಲೆ ಹೇರಿದ ಮಣ್ಣಿನ ಮಾಳಿಗೆ, ನಮ್ಮ ಕಡೆಯ ಮೇಲ್ಮುದ್ದೆ ಮನೆಗಳಂಥವೇ. ಮರಳಿ ಕಟ್ಟುವಾಗ ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಒಂದು ಕೆಲಸ ಮಾಡಿತು. ಊರೂರಿನ ಹೆಂಗಸರನ್ನು ‘ಸಂವಾದ ಸಹಾಯಕ’ರನ್ನಾಗಿ ಮಾಡಿ, ಸರಕಾರಕ್ಕೂ ಊರಿಗೂ ನಡುವೆ ನಿಲ್ಲಿಸಿತು. ತಲೆಯ ಮೇಲಿನ ಸೆರಗು ಸರಿಸದವರು ಗೋಡೆ ಯಾಕೆ ಬಿತ್ತು, ಮೂಲೆಯನ್ನು ಹೇಗೆ ಬಿಗಿಯಬೇಕು ಎಂದು ಕಲಿತು, ಗೌಂಡಿಗಳ ಕೆಲಸದಲ್ಲಿ ತಪ್ಪು ಹಿಡಿಯತೊಡಗಿದರು. 2001ರ ಜನವರಿ 26ರಂದು ಕಚ್ಛ್ ನಡುಗಿದಾಗ ಇದೇ ಲಾತೂರು ಕಡೆಯ ಹೆಂಗಸರು ಅಲ್ಲಿಗೆ ಹೋದರು. ಅಕ್ಕಿಮೂಟೆ ಹೊತ್ತುಕೊಂಡಲ್ಲ, ‘ನಮಗೂ ಹೀಗೇ ಆಗಿತ್ತು, ನಾವು ಹೀಗೆ ಕಟ್ಟಿಕೊಂಡೆವು’ ಎಂದು ಹೇಳಲಿಕ್ಕೆ. ಅದಕ್ಕಿಂತ ದೊಡ್ಡ ಪರಿಹಾರ ನನಗೆ ಗೊತ್ತಿಲ್ಲ.

ಕಚ್ಛ್‌ನಲ್ಲಿ ‘ಸೇವಾ’ ಎಂಬ ಸಂಘಟನೆಯ ಕಸೂತಿ ಹಾಕುವ ಹೆಂಗಸರು ಅನ್ನದ ಜೊತೆಗೇ ಕೆಲಸವನ್ನೂ ಕೇಳಿದರು. ಸೂಜಿ, ದಾರ, ಬಟ್ಟೆ ಡೇರೆಗಳಿಗೇ ಹೋಯಿತು. ಮನೆ ಬಿದ್ದು, ಮಂದಿ ಸತ್ತು, ಮೇಲೆ ಕೈಯೂ ಖಾಲಿ ಕೂತರೆ ತಲೆ ಏನಾಗಬೇಕು ಹೇಳಿ.

ಈಗ ಒಂದು ಗೊಂಬೆಯ ಕತೆ. 2018ರ ಆಗಸ್ಟ್‌ನಲ್ಲಿ ಕೇರಳದ ಚೇಂದಮಂಗಲದ ಮಗ್ಗಗಳು ಮುಳುಗಿದವು. ಓಣಂ ಮಾರಾಟಕ್ಕೆಂದು ನೇಯ್ದಿಟ್ಟ ಬಟ್ಟೆಯೆಲ್ಲ ಕೆಸರಾಯಿತು. ಅಲ್ಲಿಯ ನೇಕಾರರಲ್ಲಿ ಹೆಚ್ಚಿನವರು ಹೆಂಗಸರು. ಬಟ್ಟೆಯನ್ನು ಸುಟ್ಟುಹಾಕುವ ಯೋಚನೆಯಲ್ಲಿದ್ದಾಗ ಲಕ್ಷ್ಮಿ ಮೆನನ್, ಗೋಪಿನಾಥ್ ಪಾರಯಿಲ್ ಎಂಬಿಬ್ಬರು ಅದನ್ನು ತೊಳೆದು ಗೊಂಬೆ ಮಾಡೋಣ ಅಂದರು. ಹೆಸರು ಚೇಕುಟ್ಟಿ: ಚೇರು ಅಂದರೆ ಕೆಸರು, ಕುಟ್ಟಿ ಅಂದರೆ ಕೂಸು. 1,300 ರೂಪಾಯಿಯ ಸೀರೆಯಲ್ಲಿ 360 ಗೊಂಬೆ, ಒಂದಕ್ಕೆ 25 ರೂಪಾಯಿ. ಲೆಕ್ಕ ಹಾಕಿ, 9,000. ಕಲೆ ಹೋಗದಿದ್ದರೂ ಗೊಂಬೆ ಹೋಯಿತು, ಜಗತ್ತಿನ ಮೂಲೆಮೂಲೆಗೆ.

ಆದರೆ ಅದೇ ಗೊಂಬೆಯನ್ನು ಯಾರೂ ವರ್ಷ ವರ್ಷ ಕೊಳ್ಳುವುದಿಲ್ಲ. ಮರುಕ ಒಂದು ಸಲ ಜೇಬಿಗೆ ಕೈ ಹಾಕಿಸುತ್ತದೆ, ಎರಡನೆಯ ಸಲ ಕಷ್ಟ. ಗೊಂಬೆಯ ದುಡ್ಡಿನಲ್ಲಿ ಮಗ್ಗ ಎದ್ದು ನಿಲ್ಲಬೇಕು, ಸೀರೆ ಮತ್ತೆ ಸೀರೆಯಾಗಿ ಮಾರಬೇಕು. ಅದಕ್ಕೇ ಕೊಳ್ಳಲು ಬಂದವರಲ್ಲಿ ನನ್ನ ವಿನಂತಿ: ಪಾಪ ಅಂತ ಕೊಳ್ಳಬೇಡಿ. ಮಾಲು ನೋಡಿ. ಇಳಕಲ್ ಸೀರೆಯಾದರೆ ಸೆರಗಿನ ಎಳೆಯನ್ನು ಮೈಯ ಎಳೆಗೆ ಕುಣಿಕೆ ಹಾಕಿ ಜೋಡಿಸಿದ ಜಾಗವನ್ನು ಬೆಳಕಿಗೆ ಹಿಡಿಯಿರಿ. ಕೌದಿಯನ್ನು ತಿರುವಿ ಹಾಕಿ ಹಿಂದಿನ ಹೊಲಿಗೆ ನೋಡಿ. ಮುಂದಿನಷ್ಟೇ ಓರಣವಾಗಿ ಕಾಣದಿದ್ದರೆ ಬಿಟ್ಟು ಮುಂದೆ ಹೋಗಿ. ಬಣ್ಣ ಬಿಟ್ಟರೆ ಮರಳಿ ತಂದು ಜಗಳ ಮಾಡಿ. ಹೊಲಿದವರೂ ನಿಮ್ಮ ಜೊತೆ ಜಗಳ ಮಾಡಬಲ್ಲರು, ಬೆಳಿಗ್ಗೆಯೇ ಪರೀಕ್ಷಿಸಿದ್ದೇನೆ.

ಮೇಳ ನಡೆಸುವವರಿಗೂ ಒಂದು ಮಾತು. ಮೂರು ದಿನದ ಪೆಂಡಾಲು ಬಿಚ್ಚಿದ ಮೇಲೆ ಈ ಹೆಣ್ಣುಮಕ್ಕಳು ಮಾಲನ್ನು ಎಲ್ಲಿ ಇಡಬೇಕು? ನಿಮ್ಮ ಮೇಳಕ್ಕೆ ಕೊನೆಯ ದಿನ ಇದೆ, ಸಾಲದ ವಾರದ ಕಂತಿಗೆ ಇಲ್ಲ. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂದರೆ ಆ ಕಂತಿನ ಭಾರ ಊಹಿಸಿ. ಬಸ್‌ಸ್ಟ್ಯಾಂಡಿನಲ್ಲಿ ಇವರಿಗೆ ಒಂದು ಕಾಯಂ ಅಂಗಡಿ ಕೊಡಿಸಿ. ಬಾಡಿಗೆ ಕೊಡುತ್ತಾರೆ. ಪುಕ್ಕಟೆ ಬೇಡ.

ಮಾತು ಉದ್ದವಾಯಿತು, ಅಲ್ಲಿ ಒಬ್ಬರು ಆಗಲೇ ರೊಟ್ಟಿ ಕಟ್ಟಿ ಮಾರುತ್ತಿದ್ದಾರೆ, ಒಳ್ಳೆಯದು. ನನ್ನ ಚೀಲದಲ್ಲಿ ಆ ಭಾಷಣದ ಹಾಳೆಗಳ ಕೆಳಗೆ ನಮ್ಮವ್ವನ ಮೂರು ಹಳೆಯ ಸೀರೆಗಳಿವೆ. ಕೌದಿಯ ಅಕ್ಕ ಆರ್ಡರು ತೆಗೆದುಕೊಳ್ಳುತ್ತಾರಂತೆ. ಮೂರು ಸಾಲುವುದಿಲ್ಲ, ಇನ್ನೆರಡು ತಾ ಎಂದಿದ್ದಾರೆ. ಮುಂಗಡ ಕೊಡದೆ ಹೆಸರು ಬರೆದುಕೊಳ್ಳುವುದಿಲ್ಲವಂತೆ. ಎಲ್ಲಿ, ಆ ಕತ್ತರಿ ಇತ್ತ ಕೊಡಿ. ಟೇಪು ಕತ್ತರಿಸಿದ ಮೇಲೆ ಯಾರೂ ನುಗ್ಗಬೇಡಿ. ಆ ಸಾಲಿನಲ್ಲಿ ಮೊದಲು ನಿಲ್ಲುವವಳು ನಾನು.