ಕಾಲ್ನಡಿಗೆಯಲ್ಲಿ ಮುಂಬಯಿ



ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಾವು ಈ ನಗರವನ್ನು ಹೆಚ್ಚಾಗಿ ಲೋಕಲ್ ಗಾಡಿಯ ಕಿಟಕಿಯಿಂದಲೇ ಕಂಡವರು. ಒಂದು ಭಾನುವಾರ ಮಕ್ಕಳ ಕೈಹಿಡಿದು ನಡೆದು ನೋಡೋಣ. ಓವಲ್ ಮೈದಾನದಲ್ಲಿ ನಿಂತರೆ ಮೂಡಲಿಗೆ 1878ರಲ್ಲಿ ಪೂರ್ಣಗೊಂಡ ರಾಜಾಬಾಯಿ ಗೋಪುರ ಮತ್ತು ಹೈಕೋರ್ಟು. ಪಡುವಲಿಗೆ 1930ರ ದಶಕದ ಆರ್ಟ್ ಡೆಕೊ ಮನೆಗಳ ಸಾಲು. ಒಂದು ಮೈದಾನದ ಅಗಲದಲ್ಲಿ ಅರ್ಧ ಶತಮಾನವನ್ನು ದಾಟಬಹುದು. ಎರಡೂ ಸಾಲುಗಳನ್ನು ಯುನೆಸ್ಕೊ 2018ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮರಳುವಾಗ ಬೈಕುಲಾದಲ್ಲಿ ಇಳಿಯೋಣ. ಜೀರ್ಣೋದ್ಧಾರಗೊಂಡ ಆ ರೈಲು ನಿಲ್ದಾಣಕ್ಕೆ 2022ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ಬಂದಿತು. ದುಡಿಯುವ ಜನ ದಿನವೂ ಹತ್ತಿಳಿಯುವ ನಿಲ್ದಾಣಕ್ಕೆ ಸಂದ ಮನ್ನಣೆಯಿದು. ಅದರ ಗೋಡೆಗೆ ಎಲೆಯಡಿಕೆ ಉಗುಳದಿರುವುದೂ ಸಂರಕ್ಷಣೆಯೇ. ಅನ್ನವಿತ್ತ ಊರಿನ ಋಣ ನಮ್ಮ ಮೇಲಿದೆ. ಮಕ್ಕಳಿಗೆ ಇದನ್ನು ಕನ್ನಡದಲ್ಲೇ ಹೇಳೋಣ.