ಸಂಸದರ ಮತಕ್ಕೆ ಅಂಕ: ವಿದೇಶಾಂಗ ನೀತಿ ಮತ್ತು ಉಡುಪಿ ಕ್ಷೇತ್ರದ ಒಂದು ಗೈರುಹಾಜರಿ

ಜನಪ್ರತಿನಿಧಿಗಳು ಸದನದಲ್ಲಿ ಹಾಕಿದ ಮತಗಳಲ್ಲಿ ಕೆಲವನ್ನು ಆಯ್ದು, ತಮ್ಮ ನಿಲುವಿಗೆ ಒಪ್ಪುವ ಮತಕ್ಕೆ ಅಂಕ ಕೊಟ್ಟು ಪಟ್ಟಿ ಪ್ರಕಟಿಸುವುದು ಅಮೆರಿಕದ ಒತ್ತಡ ಗುಂಪುಗಳ, ಅಂದರೆ ಒಂದು ನೀತಿಯ ಪರವಾಗಿ ವಕಾಲತ್ತು ವಹಿಸುವ ಸಂಘಟನೆಗಳ, ಹಳೆಯ ರೂಢಿಯಾಗಿದೆ. 1947ರಲ್ಲಿ ಹುಟ್ಟಿದ 'ಅಮೆರಿಕನ್ಸ್ ಫಾರ್ ಡೆಮಾಕ್ರಟಿಕ್ ಆಕ್ಷನ್' ಎಂಬ ಸಂಘಟನೆಯು ವರ್ಷದ 20 ಮತಗಳನ್ನು ಆರಿಸಿ ಒಂದೊಂದಕ್ಕೆ 5 ಅಂಕ ಇಡುತ್ತ ಬಂದಿದ್ದು, ಅದರ ಲೆಕ್ಕದಲ್ಲಿ ಗೈರುಹಾಜರಾದವರಿಗೂ ಆ 5 ಅಂಕ ಸಿಗುವುದಿಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರೇ ಮೌಲ್ಯಮಾಪಕರೂ ಆಗಿರುವ ಈ ಏರ್ಪಾಡಿನಲ್ಲಿ ಪಕ್ಷಪಾತ ಇದ್ದೇ ಇರುತ್ತದೆ. ಆದರೆ ಅದು ಬಹಿರಂಗವಾದ ಪಕ್ಷಪಾತವಾದ್ದರಿಂದ ಮತದಾರನಿಗೆ ಹಾನಿ ಕಡಿಮೆ.

ಭಾರತದಲ್ಲಿ ಇಂತಹ ಪಟ್ಟಿಗೆ ಬೇಕಾದ ಮೂಲಸಾಮಗ್ರಿಯೇ ವಿರಳ. ವಿದೇಶಿ ಒಪ್ಪಂದಗಳನ್ನು ಮಾಡಿಕೊಳ್ಳುವುದು ಕಾರ್ಯಾಂಗದ ಅಧಿಕಾರವಾಗಿದ್ದು, ಅವುಗಳ ಅನುಮೋದನೆಗೆ ಸಂಸತ್ತಿನ ಮತ ಕಡ್ಡಾಯವಲ್ಲ. ಸದನದ ಬಹುಪಾಲು ನಿರ್ಣಯಗಳು ಧ್ವನಿಮತದಿಂದಲೇ ಆಗುವುದರಿಂದ ಯಾರ ಮತ ಎತ್ತ ಎಂಬ ದಾಖಲೆಯೂ ಉಳಿಯುವುದಿಲ್ಲ. ಬಾಂಗ್ಲಾದೇಶದೊಡನೆ ಭೂಪ್ರದೇಶ ವಿನಿಮಯಕ್ಕಾಗಿ ತಂದ ಸಂವಿಧಾನ ತಿದ್ದುಪಡಿಯು 2015ರ ಮೇ 7ರಂದು ಲೋಕಸಭೆಯಲ್ಲಿ ಎಣಿಕೆಯ ಮತಕ್ಕೆ ಬಂದಾಗ 331 ಮತಗಳು ಪರವಾಗಿಯೇ ಬಿದ್ದವು, ವಿರೋಧ ಸೊನ್ನೆ.

ಇದಕ್ಕೆ ದೊಡ್ಡ ಅಪವಾದ 2008ರ ಜುಲೈ 22. ಅಮೆರಿಕದೊಡನೆ ನಾಗರಿಕ ಪರಮಾಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡ ಮೇಲೆ ಮನಮೋಹನ್ ಸಿಂಗ್ ಸರ್ಕಾರ ವಿಶ್ವಾಸಮತ ಕೋರಿ 275–256ರಿಂದ ಉಳಿದುಕೊಂಡಿತು. ಬೆಂಗಳೂರು ಉತ್ತರದ ಬಿಜೆಪಿ ಸಂಸದ ಎಚ್.ಟಿ. ಸಾಂಗ್ಲಿಯಾನ ಸರ್ಕಾರದ ಪರ ಮತ ಹಾಕಿ ಪಕ್ಷದಿಂದ ಉಚ್ಚಾಟಿತರಾದರು. ಗುಲ್ವಾಡಿಯನ್ನು ಒಳಗೊಂಡ ಕುಂದಾಪುರ ಸೀಮೆಯು ಆಗ ಸೇರಿದ್ದ ಉಡುಪಿ ಕ್ಷೇತ್ರದ ಬಿಜೆಪಿ ಸಂಸದೆ ಮನೋರಮಾ ಮಧ್ವರಾಜ್ ಮತದಾನದಲ್ಲಿ ಭಾಗವಹಿಸಲಿಲ್ಲ. ಹಾಜರಿದ್ದು ಮತ ಚಲಾಯಿಸಿದವರ ಬಹುಮತವೇ ಲೆಕ್ಕಕ್ಕೆ ಬರುವುದರಿಂದ, ವಿರೋಧಿ ಬಣದ ಒಬ್ಬರು ಆಚೆ ಹೋದರೆ ಅಂತರ ಎರಡು ಮತಗಳಷ್ಟು ಬದಲಾಗುತ್ತದೆ, ಹೊರಗುಳಿದರೆ ಒಂದು ಮತದಷ್ಟು. ಉಡುಪಿಯ ಮೌನಕ್ಕೂ ಹೀಗೆ ತೂಕವಿತ್ತು.

ಆದರೆ ಈ ಎರಡು ನಡೆಗಳನ್ನು ಪರಮಾಣು ಒಪ್ಪಂದದ ಬಗೆಗಿನ ಅಭಿಪ್ರಾಯವೆಂದು ಓದಲಾಗದು. ಅಂದು ಮತಕ್ಕೆ ಬಂದದ್ದು ಒಪ್ಪಂದವಲ್ಲ, ಸರ್ಕಾರದ ಅಳಿವು ಉಳಿವು. ಮೇಲಾಗಿ 1985ರಲ್ಲಿ ಸೇರಿದ ಹತ್ತನೆಯ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾಯ್ದೆ, ಪಕ್ಷದ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿ ಮತ ಹಾಕಿದವರನ್ನೂ ಮತದಿಂದ ದೂರ ಉಳಿದವರನ್ನೂ, ಪಕ್ಷ 15 ದಿನಗಳೊಳಗೆ ಮನ್ನಿಸದಿದ್ದರೆ, ಅನರ್ಹತೆಗೆ ಗುರಿಮಾಡುತ್ತದೆ. ಅಮೆರಿಕದಲ್ಲಿ ಅದೇ ಒಪ್ಪಂದವು ಅದೇ ವರ್ಷದ ಅಕ್ಟೋಬರ್ 1ರಂದು ಸೆನೆಟ್‌ನ ಮುಂದೆ ಬಂದಾಗ 86–13ರ ಮತ ಒಪ್ಪಂದದ ಮೇಲೆಯೇ ಬಿತ್ತು. ಸದಸ್ಯರು ಸ್ಥಾನ ಕಳೆದುಕೊಳ್ಳುವ ಭಯವೂ ಇರಲಿಲ್ಲ. ವಿಪ್‌ಗೆ ಕಟ್ಟಿಹಾಕಿದ ಮತಕ್ಕೆ ಅಂಕ ಹಾಕಿದರೆ ಅದು ಸಂಸದರ ಅಂಕಪಟ್ಟಿಯಾಗದೆ ಪಕ್ಷದ ಕಚೇರಿಯ ಅಂಕಪಟ್ಟಿಯಾಗುತ್ತದೆ.

ವಿಪ್ ಮತವನ್ನು ಕಟ್ಟಬಲ್ಲುದು, ಪ್ರಶ್ನೆಯನ್ನಲ್ಲ. ಸಚಿವರು ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ, ಲಿಖಿತ ಉತ್ತರ ಪಡೆಯುವ ಚುಕ್ಕೆರಹಿತ ಪ್ರಶ್ನೆ, ಇವೆರಡೂ ಸಂಸದರ ಹೆಸರಿನಲ್ಲೇ ದಾಖಲಾಗುತ್ತವೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಮನೆಗಳು ಹಲವಿರುವ ಈ ಕರಾವಳಿಗೆ ವಿದೇಶಾಂಗ ನೀತಿ ಎಂದರೆ ಪಾಸ್‌ಪೋರ್ಟ್, ವೀಸಾ, ಬಾಕಿ ಸಂಬಳ. ಕ್ಷೇತ್ರ ಮರುವಿಂಗಡಣೆಯ ನಂತರ ಬೈಂದೂರು ಶಿವಮೊಗ್ಗಕ್ಕೂ ಕುಂದಾಪುರ ಉಡುಪಿ–ಚಿಕ್ಕಮಗಳೂರಿಗೂ ಸೇರಿರುವುದರಿಂದ, ಇಲ್ಲಿನವರು ಇಬ್ಬರು ಸಂಸದರ ಪ್ರಶ್ನೆಗಳನ್ನು ನೋಡಬೇಕಾಗುತ್ತದೆ. ಅವೆಲ್ಲ ಲೋಕಸಭೆಯ ಜಾಲತಾಣದಲ್ಲಿ ಉಚಿತವಾಗಿ ಲಭ್ಯವಿದ್ದು, ಊರಿನ ಗ್ರಂಥಾಲಯವೊಂದು ಅಧಿವೇಶನಕ್ಕೊಮ್ಮೆ ಅವನ್ನು ತೆಗೆದು ಗೋಡೆಗೆ ಹಚ್ಚುವ ಕೆಲಸವನ್ನು ವಹಿಸಿಕೊಳ್ಳಲಿ.