ಆಟದ ಲೆಕ್ಕ, ಲೆಕ್ಕದ ವಿವೇಕ
(ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕಾಲ್ಚೆಂಡಾಟವನ್ನು ಕಂಡು ಹಿಗ್ಗದವರು ನಮ್ಮ ಕಾಸರಗೋಡಿನ ನೆಲದಲ್ಲಿ ವಿರಳ. ಆದರೆ ಆ ಆಟದ ತಂತ್ರವನ್ನು ಗಣಿತದಿಂದ ಅಳೆಯುವ ವಿಚಾರವನ್ನು ನಾವು ಅಷ್ಟಾಗಿ ಚಿಂತಿಸಿದವರಲ್ಲ.

ಇಂಗ್ಲೆಂಡಿನ ವಾಯುಪಡೆಯಲ್ಲಿ ಲೆಕ್ಕಪತ್ರಗಳ ಅಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ ಎಂಬವರು 1950ರ ಮಾರ್ಚ್ 18ರಂದು ಸ್ವಿಂಡನ್ ಪಟ್ಟಣದ ಪಂದ್ಯವೊಂದನ್ನು ನೋಡುತ್ತ, ಪ್ರತಿಯೊಂದು ದಾಳಿಯನ್ನೂ ಕಾಗದದ ಮೇಲೆ ಗುರುತಿಸತೊಡಗಿದರು. ಚೆಂಡು ಕೈತಪ್ಪುವ ಮೊದಲು ತಂಡದವರು ತಮ್ಮೊಳಗೆ ಎಷ್ಟು ಪಾಸು ಮಾಡಿದರು, ಗೋಲು ಬಂದಿತೇ ಇಲ್ಲವೇ ಎಂಬುದೇ ಅವರ ಗಣನೆ. ಹೀಗೆ ನೂರಾರು ಪಂದ್ಯಗಳನ್ನು ಎಣಿಸಿ, 1968ರಲ್ಲಿ ಬರ್ನಾರ್ಡ್ ಬೆಂಜಮಿನ್‌ರೊಡಗೂಡಿ ಅದರ ಫಲವನ್ನು ಪ್ರಕಟಿಸಿದರು. ನೂರು ಗೋಲುಗಳಲ್ಲಿ ಸುಮಾರು 80, ಮೂರು ಅಥವಾ ಅದಕ್ಕೂ ಕಡಮೆ ಪಾಸುಗಳಿಂದ ಬಂದವು. ಆದುದರಿಂದ ಚೆಂಡನ್ನು ಬೇಗನೆ, ದೂರಕ್ಕೆ ಒದೆಯುವುದೇ ಜಾಣತನವೆಂದು ರೀಪ್ ಸಾರಿದರು. ಕೆಲವು ತಂಡಗಳು ಅದನ್ನೇ ಅನುಸರಿಸಿದುವು.

ಇಲ್ಲಿ ನಾವು ತುಸು ನಿಂತು ಯೋಚಿಸಬೇಕು. ಪ್ರತಿ ಪಾಸು ಸಫಲವಾಗುವ ಸಂಭವ ಅರ್ಧವೆಂದು ಇಟ್ಟುಕೊಳ್ಳೋಣ. ನೂರು ದಾಳಿಗಳಲ್ಲಿ ಮೊದಲ ಪಾಸನ್ನು ದಾಟುವುವು 50, ಎರಡನೆಯದನ್ನು 25, ಮೂರನೆಯದನ್ನು ಹನ್ನೆರಡೋ ಹದಿಮೂರೋ, ನಾಲ್ಕನೆಯದನ್ನು ಸುಮಾರು ಆರು. ಗಣಿತದ ಮಾದರಿಯೆಂದರೆ ಇಷ್ಟೇ. ಅಂದರೆ ದಾಳಿಗಳೆಲ್ಲ ಬಹುಮಟ್ಟಿಗೆ ಗಿಡ್ಡವೇ! ರೀಪರ ಎಣಿಕೆಯಲ್ಲಿಯೇ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿದ ದಾಳಿಗಳು ಮೂರು ಪಾಸುಗಳೊಳಗೆ ಮುಗಿದಿದ್ದುವು. ತೊಂಬತ್ತು ದಾಳಿಗಳ ಪಾಲಿಗೆ 80 ಗೋಲು; ಉಳಿದ ಹತ್ತರ ಪಾಲಿಗೆ 20. ಹೋಲಿಸಿದರೆ ದೀರ್ಘ ದಾಳಿಯ ಫಲವೇ ಎರಡು ಪಟ್ಟಿಗೂ ಹೆಚ್ಚು! 2005ರಲ್ಲಿ ಹ್ಯೂಸ್ ಮತ್ತು ಫ್ರಾಂಕ್ಸ್ ಎಂಬ ವಿದ್ವಾಂಸರು 1990 ಮತ್ತು 1994ರ ವಿಶ್ವಕಪ್ ಪಂದ್ಯಗಳನ್ನು ಪರಿಶೀಲಿಸಿ ಈ ದೋಷವನ್ನೇ ಎತ್ತಿ ತೋರಿಸಿದರು. ಎಣಿಕೆ ತಪ್ಪಾಗಿರಲಿಲ್ಲ, ಗೆದ್ದುದನ್ನು ಎಣಿಸಿದವರು ಯತ್ನಿಸಿದುದರೊಡನೆ ಅದನ್ನು ತೂಗಿ ನೋಡಲಿಲ್ಲ.

ಬಂಧುಗಳೇ, ಈ ಪಾಠ ಆಟದ ಬಯಲಿಗಷ್ಟೇ ಸೀಮಿತವಲ್ಲ. ‘ಉನ್ನತ ಶ್ರೇಣಿ ಪಡೆದವರಲ್ಲಿ ಕನ್ನಡ ಮಾಧ್ಯಮದವರು ಎಷ್ಟು ಮಂದಿ?’ ಎಂದು ಯಾರಾದರೂ ಕೇಳಿದಾಗ ನಾವು ತಲೆ ತಗ್ಗಿಸಿ, ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಲು ಹೊರಡುವುದುಂಟು. ಅದಕ್ಕೆ ಮೊದಲು, ‘ಪರೀಕ್ಷೆಗೆ ಕುಳಿತವರಲ್ಲಿ ಕನ್ನಡ ಮಾಧ್ಯಮದವರು ಎಷ್ಟು ಮಂದಿ?’ ಎಂದು ಮರುಪ್ರಶ್ನೆ ಹಾಕೋಣ. ಉತ್ತರ ನಮಗೆ ಅನುಕೂಲವಾಗಿರಲಿ, ಪ್ರತಿಕೂಲವಾಗಿರಲಿ, ಅಳತೆ ಮಾತ್ರ ನ್ಯಾಯವಾಗಿರಲಿ. ಇಂತಹ ಪ್ರಶ್ನೆಯನ್ನು ಕನ್ನಡದಲ್ಲಿಯೇ ಕೇಳಬಲ್ಲ, ಕನ್ನಡದಲ್ಲಿಯೇ ಬಿಡಿಸಬಲ್ಲ ಮಕ್ಕಳನ್ನು ಬೆಳೆಸುವುದು ನಮ್ಮೆಲ್ಲರ ಹೊಣೆ.